ಹಾಳುಬಿದ್ದ ಹೂದೋಟ ಮತ್ತೆ ಎಬ್ಬಿಸುವುದು: ಮೂರು ಮಳೆಗಾಲದ ಕೆಲಸ

ಊರ ಮನೆಗೆ ವಾಪಸ್ ಬಂದವರು ಸುತ್ತ ಬೆಳೆದ ಕಾಡು ನೋಡಿ ಮೊದಲು ಮಾಡುವ ಕೆಲಸ ಜೆಸಿಬಿ ಕರೆಸುವುದು. ಒಂದು ಬೆಳಿಗ್ಗೆಯೊಳಗೆ ಎಲ್ಲ ಕೆರೆದು ಚೊಕ್ಕ ಮಾಡಿ ಹೋಗುತ್ತಾರೆ, ನೋಡುವುದಕ್ಕೂ ಚೆಂದ ಕಾಣುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಅಜ್ಜಿಯೋ ಅತ್ತೆಯೋ ಹತ್ತಾರು ವರ್ಷ ಕೈಯಾರೆ ಮಾಡಿದ ಹೂದೋಟ ಹಾಳುಬಿದ್ದ ಹಾಗೆ ಕಂಡರೂ ಅದರ ಎಷ್ಟೋ ಭಾಗ ಮಣ್ಣಿನಡಿ ಜೀವ ಹಿಡಿದುಕೊಂಡೇ ಇರುತ್ತದೆ. ಏಪ್ರಿಲ್‌ನಲ್ಲಿ ನೋಡಿದರೆ ಬರೀ ಒಣಹುಲ್ಲು, ಲಂಟಾನ. ಆದರೆ ಕೆಳಗೆ ಗೌರಿಹೂವಿನ ಗೆಡ್ಡೆ ಇದೆ, ಸುಗಂಧಿ ಇದೆ, ಅರಿಶಿನ, ಸುವರ್ಣಗೆಡ್ಡೆ, ಮಳೆ ಬಂದ ವಾರದಲ್ಲೇ ಅರಳುವ ಲಿಲ್ಲಿ, ಅದೃಷ್ಟ ಇದ್ದರೆ ಒಂದೆರಡು ಹಳೇ ಡೇರೆ (ಡೇಲಿಯಾ) ಕೂಡ. ಜೆಸಿಬಿಯ ಬಕೆಟ್ಟಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ನಮ್ಮ ಕಡೆ ಒಳ್ಳೆಯ ಮಣ್ಣು ಮೇಲಿನ ಒಂದು ತೆಳುವಾದ ಪದರ ಮಾತ್ರ. ಅದು ಹೋದರೆ ಉಳಿಯುವುದು ಗಟ್ಟಿ ಜಂಬಿಟ್ಟಿಗೆ (ಕೆಂಪು ಮುರಕಲ್ಲು). ಅದರ ಮೇಲೆ ಏನು ನೆಟ್ಟರೂ ಹೊಸದಾಗಿ ಮಣ್ಣು ಕಟ್ಟುವುದಕ್ಕೇ ವರ್ಷಗಟ್ಟಲೆ ಬೇಕು.

ಹಾಗಾಗಿ ನಿಧಾನವಾಗಿ ಮಾಡೋಣ. ಮೂರು ಮಳೆಗಾಲ ಅಂತ ಲೆಕ್ಕ ಇಟ್ಟುಕೊಳ್ಳಿ. ನಾನು ಹೇಳುತ್ತಿರುವುದು ಸಾಗರ, ಹೊಸನಗರ, ಸಿದ್ದಾಪುರ, ಶಿರಸಿ ಕಡೆಯ ಮನೆಗಳ ಅಂದಾಜಿನಲ್ಲಿ. ಹಂಚಿನ ಮನೆ, ಮುಂದೆ ಅಂಗಳ, ಹಿಂದೆ ಬಚ್ಚಲು ಮತ್ತು ಕೊಟ್ಟಿಗೆ, ಪಕ್ಕದಲ್ಲಿ ಧರೆ (ಕಡಿದಾದ ಮಣ್ಣಿನ ದಿಬ್ಬ), ಎಲ್ಲೋ ಒಂದು ಹಳೇ ಹಲಸಿನ ಮರ. ಕರಾವಳಿಯವರಿಗೂ ಇದರಲ್ಲಿ ಜಾಸ್ತಿ ಪಾಲು ಹೊಂದುತ್ತದೆ. ಬಯಲುಸೀಮೆಯ ಲೆಕ್ಕ ಬೇರೆ.

ಮೊದಲ ಮಳೆಗಾಲ: ಸುಮ್ನೆ ನೋಡಿ, ಗುರುತು ಹಾಕಿ

ಈ ವರ್ಷ ಕಡಿಯುವುದು ದಾರಿ ಮಾತ್ರ. ಬಾಗಿಲಿನಿಂದ ಬಾವಿಗೆ, ಬಚ್ಚಲಿಗೆ, ದಣಪೆಗೆ (ಬೇಲಿಯ ಬಾಗಿಲಿಗೆ). ಗೋಡೆಗೆ ತಾಗಿ ಬೆಳೆದದ್ದನ್ನೂ ಎರಡು ಮೂರು ಅಡಿ ದೂರದವರೆಗೆ ಸವರಿಬಿಡಿ. ಗಮ್‌ಬೂಟು ಇಲ್ಲದೆ ಇಳಿಯಬೇಡಿ. ಕಲ್ಲಿನ ರಾಶಿ, ಹಳೇ ಹಂಚಿನ ರಾಶಿ, ಕೊಳೆತ ದಿಮ್ಮಿ ಇದ್ದಲ್ಲಿ ಬರಿಗೈ ಹಾಕಲೇಬೇಡಿ, ಮೊದಲು ಉದ್ದ ಕೋಲಿನಿಂದ ತಟ್ಟಿ. ಹಾವಿಗೆ ಹೋಗುವುದಕ್ಕೆ ಸಮಯ ಕೊಟ್ಟರೆ ಅದು ಹೋಗುತ್ತದೆ.

ಆಮೇಲೆ ಒಂದು ನೋಟ್‌ಬುಕ್ ತಗೊಂಡು ಮನೆ, ಬಾವಿ, ಮರಗಳ ಜಾಗ ಗುರುತಿಸಿ ಒರಟು ನಕ್ಷೆ ಬರೆಯಿರಿ. ಅಡಿಕೆ ದಬ್ಬೆಯ ಸಣ್ಣ ಗೂಟಗಳನ್ನು ಸೀಳಿಟ್ಟುಕೊಂಡು, ತುದಿಗೆ ಬಣ್ಣ ಬಳಿದು, ಏನಾದರೂ ಮೊಳಕೆ ಎದ್ದ ಕಡೆ ಪಕ್ಕದಲ್ಲಿ ಒಂದು ಊರಿ. ರೋಹಿಣಿ, ಮೃಗಶಿರ ಮಳೆಗೆ (ಮೇ ಕೊನೆ, ಜೂನ್) ಲಿಲ್ಲಿ, ಅರಿಶಿನ, ಕೆಸು ಎದ್ದಿರುತ್ತದೆ. ಹಲಸು, ಮಾವಿನ ಹಳೇ ಕೊಂಬೆಗಳ ಮೇಲೆ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಹೂ ಬಿಡುವುದೂ ಮಳೆಗಾಲದ ಬಾಗಿಲಿನಲ್ಲೇ. ಅದೇ ಕೊಂಬೆ ಸಂದಿಯಲ್ಲಿ ಮರಕೆಸು ಚಿಗುರಿದರೆ ಪತ್ರೊಡೆಗೆ ಆಯಿತು. ಶ್ರಾವಣ, ಭಾದ್ರಪದದಲ್ಲಿ ಗೌರಿಹೂ ಬಳ್ಳಿ ಬೇಲಿ ಹತ್ತಿ ಕೆಂಪು ಹಳದಿಯಾಗಿ ಬಿಡುತ್ತದೆ. ಅದರ ಗೆಡ್ಡೆ ವಿಷ, ಸಣ್ಣ ಮಕ್ಕಳಿರುವ ಮನೆಯಾದರೆ, ದನ ಬರುವ ಜಾಗವಾದರೆ ಗೂಟಕ್ಕೆ ಬೇರೆ ಬಣ್ಣ ಹಚ್ಚಿ. ಸುಗಂಧಿ ತಗ್ಗಿನಲ್ಲಿ, ನೀರು ಹರಿಯುವ ಕಡೆ ಸಿಗುತ್ತದೆ. ಎಲೆ ಶುಂಠಿಯ ಹಾಗಿರುವುದರಿಂದ ಹೂ ಬಿಡುವ ತನಕ ಕಳೆ ಅಂತಲೇ ಕಿತ್ತು ಹಾಕುವವರಿದ್ದಾರೆ.

ಪಕ್ಕದ ಮನೆಯ ಹಿರಿಯರನ್ನು ಒಮ್ಮೆ ಕರೆದು ಸುತ್ತಾಡಿಸಿ. "ಇಲ್ಲಿ ಬಿಳಿ ಕರವೀರ ಇತ್ತು, ಆ ಮೂಲೆಯಲ್ಲಿ ನಿಮ್ಮ ಅಜ್ಜಿ ಗೊರಟೆ ಹಾಕಿದ್ರು" ಅಂತ ಅವರು ಹೇಳುವ ಒಂದೊಂದು ಮಾತೂ ನಕ್ಷೆಗೆ ಸೇರಬೇಕು. ಗೊರಟೆ, ನಂದಿಬಟ್ಟಲು, ರತ್ನಗಂಧಿ, ಪಾರಿಜಾತ ಇವೆಲ್ಲ ಕಳೆಯ ನಡುವೆ ಬಡವಾಗಿ ನಿಂತಿರುತ್ತವೆ. ಜಾಗ ಗೊತ್ತಿದ್ದರೆ ಹುಡುಕುವುದು ಸುಲಭ, ಅಲ್ವಾ?

ಈ ಮಳೆಗಾಲದಲ್ಲಿ ತಪ್ಪಿಸಲೇಬಾರದ ಕೆಲಸ ಒಂದಿದೆ. ಜುಲೈನ ಪುನರ್ವಸು, ಪುಷ್ಯ ಮಳೆ ಜೋರಾಗಿ ಹೊಡೆಯುತ್ತಿರುವಾಗ ಒಂದು ದಿನ ಕೊಡೆ ಹಿಡಿದು ಹೊರಗೆ ಹೋಗಿ ನೀರು ನೋಡಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಅಂಗಳದಿಂದ ಯಾವ ಕಡೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಧರೆಯಿಂದ ಎಲ್ಲಿ ಒಸರುತ್ತದೆ. ಮಳೆ ನಿಂತು ಎರಡು ತಾಸಾದ ಮೇಲೆ ಇನ್ನೊಮ್ಮೆ ನೋಡಿ. ಆಗಲೂ ನೀರು ನಿಂತಿರುವ ಜಾಗದಲ್ಲಿ ಡೇರೆ, ಸೇವಂತಿಗೆ, ದಾಸವಾಳ ಯಾವುದೂ ಬದುಕುವುದಿಲ್ಲ. ಅದು ಕೆಸುವಿನ ಜಾಗ, ಸುಗಂಧಿಯ ಜಾಗ. ಇಲ್ಲಿ ಗಿಡ ಸಾಯುವುದು ಬಿಸಿಲಿಗಿಂತ ಜಾಸ್ತಿ ಬೇರು ಕೊಳೆತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ನಿಮ್ಮೂರಿನಲ್ಲಿ ಅದರ ಅರ್ಧವೋ ಕಾಲುಭಾಗವೋ ಬಿದ್ದರೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ ಅನ್ನುವುದನ್ನು ತಲೆಯಲ್ಲಿಟ್ಟುಕೊಂಡೇ ಮುಂದಿನ ಎಲ್ಲ ಕೆಲಸ.

ದೀಪಾವಳಿ ಹೊತ್ತಿಗೆ: ಕತ್ತಿ ಹಿಡಿಯುವ ಕಾಲ

ಮಳೆ ಹಿಂದೆ ಸರಿದು, ನೆಲ ಇನ್ನೂ ಮೆತ್ತಗಿರುವಾಗ ಕಳೆ ತೆಗೆಯುವುದು ಎಷ್ಟೋ ಹಗುರ. ಜನವರಿಗೆ ಬಿಟ್ಟರೆ ಪಿಕಾಸಿಯೂ ಇಳಿಯುವುದಿಲ್ಲ. ಮೊದಲು ಕಮ್ಯುನಿಸ್ಟ್ ಗಿಡ ಅಂತ ಕರೆಯುತ್ತೇವಲ್ಲ, ಅದನ್ನು ಸವರಿ. ಚಳಿಗಾಲದಲ್ಲಿ ಬಿಳಿ ಹೂ ಬಿಟ್ಟು ಬೀಜ ಗಾಳಿಗೆ ಹಾರುವ ಮುಂಚೆಯೇ ಆಗಬೇಕು. ಹೂ ಬಿಡದ ಹಸಿ ಸೊಪ್ಪು ಗೊಬ್ಬರಕ್ಕೆ ತುಂಬ ಒಳ್ಳೆಯದು, ಹೊರಗೆ ಎಸೆಯಬೇಡಿ. ಲಂಟಾನವನ್ನು ಮೇಲಿಂದ ಕಡಿದರೆ ಮತ್ತೆ ಅಷ್ಟೇ ಚಿಗುರುತ್ತದೆ. ಬುಡ ಬಿಡಿಸಿ ಬೇರು ಸಮೇತ ಎಬ್ಬಿಸಿ, ಬುಡಗಳನ್ನು ಕಲ್ಲಿನ ಮೇಲೆ ತಲೆಕೆಳಗಾಗಿ ಒಣಗಿಸಿ. ಜೇಕು ಇದ್ದರೆ ತಾಳ್ಮೆ ಬೇಕು. ಗೆಡ್ಡೆ ಸರಪಳಿ ಹಾಗೆ ಕೆಳಗೆ ಹೋಗಿರುತ್ತದೆ, ಅಗೆದು ಆರಿಸುತ್ತಲೇ ಇರಬೇಕು.

ಸುಡಬೇಡಿ. ಕಡಿದದ್ದನ್ನೆಲ್ಲ ಒಂದು ಮೂಲೆಯಲ್ಲಿ ಒಂದು ಪದರ ಹಸಿ ಸೊಪ್ಪು, ಒಂದು ಪದರ ಒಣ ಎಲೆ, ಮೇಲೆ ಸಗಣಿ ನೀರು, ಹೀಗೆ ಒಟ್ಟುತ್ತ ಹೋದರೆ ಮುಂದಿನ ಮಳೆಗಾಲಕ್ಕೆ ಗೊಬ್ಬರ ಸಿಗುತ್ತದೆ. ಗರಿಕೆ ಬೇರು, ಜೇಕಿನ ಗೆಡ್ಡೆ ಮಾತ್ರ ಅದರೊಳಗೆ ಹೋಗಬಾರದು.

ದರಕು (ಉದುರಿದ ಒಣ ಎಲೆ) ತರುವುದಕ್ಕೆ ಕಾಡಿಗೆ ಹೋಗುವವರಿಗೆ ಒಂದು ಮಾತು. ಮಂಗನ ಕಾಯಿಲೆ ನಮ್ಮ ನಡುವಿನ ನಿಜವಾದ ಅಪಾಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಕಾಯಿಲೆ ಇದು, ಹರಡುವುದು ಉಣುಗಿನಿಂದ (ಉಣ್ಣೆಯಿಂದ). ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಾವು ದರಕು ಗುಡಿಸುವ ಕಾಲದಲ್ಲೇ ಅದರ ಹಾವಳಿ ಜಾಸ್ತಿ. ಮಂಗ ಸತ್ತ ಸುದ್ದಿ ಇರುವ ಕಡೆಯಿಂದ ದರಕು ತರಲೇಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಬೇರೆ ಕಡೆ ಹೋಗುವಾಗಲೂ ಮೈತುಂಬ ಬಟ್ಟೆ, ಇಲಾಖೆಯವರು ಕೊಡುವ ಎಣ್ಣೆ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೇ ಹಾಕುವುದು. ಮನೆಯ ಹಲಸಿನ ಎಲೆ, ತೋಟದ ಸೋಗೆ ಪುಡಿಮಾಡಿದ್ದೇ ಹೂದೋಟಕ್ಕೆ ಬೇಕಾದಷ್ಟಾಗುತ್ತದೆ.

ಹಳೇ ದಾಸವಾಳದ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಇದನ್ನು ಬುಡಮಟ್ಟ ಕಡಿದು ಕಳೆದುಕೊಳ್ಳುವವರೇ ಜಾಸ್ತಿ. ಮೂವತ್ತು ವರ್ಷದ ಗಿಡ ಮಾಡಿನ ಎತ್ತರಕ್ಕೆ ಹೋಗಿ ತುದಿಯಲ್ಲಿ ಮಾತ್ರ ಹೂ ಬಿಡುತ್ತಿರುತ್ತದೆ. ಬುಡದಲ್ಲಿ ಐದಾರು ದಪ್ಪ ಕಾಂಡ ಇರುತ್ತವೆ. ಈ ವರ್ಷ ಅದರಲ್ಲಿ ಎಲ್ಲಕ್ಕಿಂತ ಹಳೆಯ ಎರಡನ್ನು ಮಾತ್ರ ನೆಲದಿಂದ ಒಂದು ಅಡಿ ಬಿಟ್ಟು ಕತ್ತರಿಸಿ. ಕತ್ತರಿಸಿದ ಮೈ ಓರೆಯಾಗಿರಲಿ, ನೀರು ನಿಲ್ಲಬಾರದು. ಒಳಗಡೆಗೆ ಬೆಳಕು ಬಿದ್ದ ಕೂಡಲೇ ಬುಡದಿಂದ ಹೊಸ ಕುಡಿ ಬರುತ್ತದೆ. ಅದು ಮಂಡಿಯೆತ್ತರ ಆದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಮುಂದಿನ ವರ್ಷ ಇನ್ನೆರಡು ಕಾಂಡ, ಮೂರನೇ ವರ್ಷ ಉಳಿದದ್ದು. ಮೂರು ವರ್ಷದಲ್ಲಿ ಗಿಡ ಪೂರ್ತಿ ಹೊಸದು, ಆದರೆ ದೇವರ ಪೂಜೆಗೆ ಒಂದು ದಿನವೂ ಹೂ ತಪ್ಪಿರುವುದಿಲ್ಲ. ಕೇಪಳ, ನಂದಿಬಟ್ಟಲು, ಕರವೀರಕ್ಕೂ ಇದೇ ಕ್ರಮ. ಕರವೀರದ ಹಾಲು ಕಣ್ಣಿಗೆ ಬಾಯಿಗೆ ತಾಗದ ಹಾಗೆ ನೋಡಿಕೊಳ್ಳಿ.

ಹಲಸು, ಮಾವಿನ ಮರ ಕಡಿಸುವ ಯೋಚನೆ ಬೇಡ. ಕೆಳಗಿನ ಒಂದೆರಡು ಕೊಂಬೆ ತೆಗೆದರೆ ಬೆಳಗಿನ ಬಿಸಿಲು ಒಳಗೆ ಬರುತ್ತದೆ, ಅಷ್ಟು ಸಾಕು. ದಪ್ಪ ಕೊಂಬೆಯನ್ನು ಮೇಲಿಂದ ಒಂದೇ ಸಲ ಕತ್ತರಿಸಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಮೊದಲು ಕಾಂಡದಿಂದ ಒಂದು ಅಡಿ ಈಚೆಗೆ ಕೊಂಬೆಯ ಕೆಳಗಿನಿಂದ ಕಾಲುಭಾಗ ಕೊಯ್ಯಿರಿ. ಆಮೇಲೆ ಅದರಿಂದ ನಾಲ್ಕು ಬೆರಳು ಆಚೆಗೆ ಮೇಲಿನಿಂದ ಕೊಯ್ದರೆ ಕೊಂಬೆ ಚೊಕ್ಕವಾಗಿ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ ಕಾಂಡದ ಉಬ್ಬಿಗೆ ತಾಗದಂತೆ ತೆಗೆಯಿರಿ. ಸೀತಾಳೆ ಇರುವ ಕೊಂಬೆ ಮುಟ್ಟಬೇಡಿ.

ಮಲ್ಲಿಗೆ ಬಳ್ಳಿ ಇದ್ದರೆ ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿ ಸವರಿ, ಎಲೆ ಕೊಡವಿ, ಬುಡಕ್ಕೆ ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಿ. ಬೇಸಿಗೆ ಶುರುವಿನಿಂದ ಹೂ.

ಬೇಸಿಗೆ: ಮಣ್ಣು ಮತ್ತು ನೀರಿನ ದಾರಿ

ಹೂದೋಟ ಅಂದರೆ ಗಿಡ ತರುವುದು ಅಂತ ಎಲ್ಲರ ಮನಸ್ಸಿನಲ್ಲಿರುತ್ತದೆ. ನನ್ನ ಕೇಳಿದರೆ ಮೊದಲ ದುಡ್ಡು, ಮೊದಲ ಆಳು ಎರಡೂ ಬಸಿಗಾಲುವೆಗೆ ಹೋಗಬೇಕು. ಮಳೆಗಾಲದಲ್ಲಿ ನಕ್ಷೆಯಲ್ಲಿ ಗುರುತು ಮಾಡಿದ ನೀರಿನ ದಾರಿಯಲ್ಲೇ, ಅದು ತಾನಾಗಿ ಹೋಗುತ್ತಿದ್ದ ಕಡೆಗೇ, ಒಂದು ಅಡಿ ಅಗಲ ಒಂದು ಅಡಿ ಆಳದ ಕಾಲುವೆ ತೆಗೆದು ತಳಕ್ಕೆ ಕಲ್ಲು ಹಾಸಿ. ನೀರಿನ ದಿಕ್ಕು ಬದಲಿಸುವ ಸಾಹಸ ಬೇಡ. ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ ಚಪ್ಪಟೆ ಕಲ್ಲು ಇಟ್ಟರೆ ಮಣ್ಣು ಗೋಡೆಗೆ ಸಿಡಿಯುವುದಿಲ್ಲ. ಹೂವಿನ ಮಡಿ ಆ ಗೆರೆಯಿಂದ ಕನಿಷ್ಠ ಒಂದೂವರೆ ಅಡಿ ಆಚೆಗೆ ಇರಲಿ.

ಮನೆ ಪಕ್ಕದ ಧರೆಯನ್ನು ಜಾಗ ಸಿಗುತ್ತದೆ ಅಂತ ನೆಟ್ಟಗೆ ಕಡಿಸುವುದು ಈಗ ಎಲ್ಲ ಕಡೆ ನೋಡುತ್ತಿದ್ದೇನೆ. ಬಹಳ ಸಂಕಟವಾಗುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ಎಲ್ಲರೂ ನೋಡಿದ್ದೇವೆ. ಧರೆಯನ್ನು ಇಳಿಜಾರಾಗಿಯೇ ಬಿಡಿ. ಅದರ ಮೇಲೆ ಲಾವಂಚ ಅಡ್ಡಸಾಲಿನಲ್ಲಿ ನೆಡಿ, ನಡುವೆ ಜರಿಗಿಡ ತಾನಾಗಿ ಬರುತ್ತದೆ. ಧರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ತೋಡಬೇಡಿ. ನೀರು ಇಂಗಿಸುವುದಾದರೆ ಮನೆಗಿಂತ ಕೆಳಗೆ, ದೂರದಲ್ಲಿ.

ಇನ್ನು ಮಣ್ಣು. ಮಳೆ ಜಾಸ್ತಿ ಬೀಳುವ ಕಡೆ ಸುಣ್ಣದಂಶ ತೊಳೆದು ಹೋಗಿ ಮಣ್ಣಿಗೆ ಹುಳಿ ಗುಣ ಬಂದಿರುತ್ತದೆ. ಒಮ್ಮೆ ಪರೀಕ್ಷೆ ಮಾಡಿಸಿ. ಮಡಿ ಮಾಡುವ ಜಾಗದಲ್ಲಿ ಐದಾರು ಕಡೆ ಅರ್ಧ ಅಡಿ ಆಳದ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಹೆರೆ ಮಣ್ಣು ತೆಗೆಯಿರಿ. ಎಲ್ಲ ಕಲಸಿ ನೆರಳಿನಲ್ಲಿ ಒಣಗಿಸಿ. ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಟ್ಟುಬಿಡಿ. ಹೀಗೆ ಮಾಡುತ್ತ ಅರ್ಧ ಕೆಜಿಗೆ ತನ್ನಿ. ಗೊಬ್ಬರಗುಂಡಿಯ ಹತ್ತಿರದ ಮಣ್ಣು ಸೇರಿಸಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ. ಸಾಗರ ತಾಲ್ಲೂಕಿನವರಿಗೆ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೂ ಹತ್ತಿರ. ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಅವರು ಹೇಳಿದಷ್ಟು ಸುಣ್ಣವನ್ನು ಏಪ್ರಿಲ್‌ನಲ್ಲಿ, ಒಂದು ಅಡ್ಡಮಳೆ ಬಿದ್ದ ಮೇಲೆ ಮಣ್ಣಿಗೆ ಬೆರೆಸಿ. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರ ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ.

ಬಚ್ಚಲ ಒಲೆಯ ಬೂದಿಯನ್ನು ಚಳಿಗಾಲದಿಂದಲೇ ಡಬ್ಬಿಯಲ್ಲಿ ತುಂಬಿಡಿ. ಹೂವಿಗೆ, ಗೆಡ್ಡೆಗೆ ಅದು ಒಳ್ಳೆಯದು, ಆದರೆ ಮಳೆಗೆ ಒಮ್ಮೆ ನೆನೆದರೆ ಸಾರ ತೊಳೆದುಹೋಗುತ್ತದೆ. ಕೋಣೆಯೊಳಗೆ ಒಣಗಿದ್ದರೆ ಮಾತ್ರ ಪ್ರಯೋಜನ.

ಮಡಿ ಮಾಡುವಾಗ ಒಂದೇ ನಿಯಮ: ಮಳೆಗಾಲಕ್ಕೆ ಏರುಮಡಿ, ಬೇಸಿಗೆಗೆ ತಗ್ಗುಮಡಿ. ಒಂದು ಅಡಿ ಎತ್ತರ, ಎರಡೂ ಬದಿಯಿಂದ ಕೈ ಎಟುಕುವ ಹಾಗೆ ಮೂರೂವರೆ ಅಡಿ ಅಗಲ, ಅಂಚಿಗೆ ಜಂಬಿಟ್ಟಿಗೆ ಕಲ್ಲು ಅಥವಾ ಅಡಿಕೆ ಮರದ ತುಂಡು. ಮಡಿಗಳ ನಡುವಿನ ದಾರಿಗೆ ಅಡಿಕೆ ಸಿಪ್ಪೆ ದಪ್ಪಗೆ ಹಾಕಿ. ಅದು ಕೊಳೆಯುವುದು ನಿಧಾನ, ದಾರಿಗೆ ಅದೇ ಅನುಕೂಲ, ಹಾವಸೆ ಕಟ್ಟಿ ಜಾರುವುದೂ ಇಲ್ಲ. ಅಡಿಕೆ ಒಣಗಿಸುವ ಮನೆಯಾದರೆ ಅಂಗಳದ ನಡುವೆ ಮಡಿ ಮಾಡಬೇಡಿ. ನವೆಂಬರ್‌ನಲ್ಲಿ ಮನೆಯವರಿಗೂ ಹೂವಿಗೂ ಜಗಳ ಬರುತ್ತದೆ.

ಬೇಲಿಗೆ ಸತ್ತ ಗೂಟಕ್ಕಿಂತ ಜೀವ ಇರುವ ಗೂಟ ಒಳ್ಳೆಯದು. ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಲಕ್ಕಿ, ಆಡುಸೋಗೆ. ಮೂರೂ ಕಡ್ಡಿಯಿಂದ ಬರುತ್ತವೆ, ಸೊಪ್ಪು ಗೊಬ್ಬರಕ್ಕೆ ಆಗುತ್ತದೆ.

ಎರಡನೇ ಮಳೆಗಾಲ: ಈಗ ನೆಡುವುದು

ಮೇ ಕೊನೆಯಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದು ನೆಲ ತಣಿದ ಮೇಲೆ ಶುರು ಮಾಡಿ. ಜೂನ್ ಕೊನೆಯ ಆರಿದ್ರಾ ಮಳೆಯೊಳಗೆ ನೆಡುವ ಕೆಲಸ ಮುಗಿದಿರಬೇಕು. ಬೇರು ಹಿಡಿಯದ ಗಿಡ ಪುನರ್ವಸು ಮಳೆಗೆ ಸಿಕ್ಕಿದರೆ ಉಳಿಯುವುದು ಕಷ್ಟ.

ಗಿಡ ಎಲ್ಲಿಂದ? ನರ್ಸರಿಗೆ ಹೋಗುವ ಮುಂಚೆ ಊರಿನ ನಾಲ್ಕು ಮನೆ ಸುತ್ತಿ. ಇಲ್ಲಿ ಹೂವಿನ ಗಿಡ ದುಡ್ಡು ಕೊಟ್ಟು ತರುವ ಅಭ್ಯಾಸವೇ ಇರಲಿಲ್ಲ, ಒಬ್ಬರು ಇನ್ನೊಬ್ಬರಿಗೆ ಕಡ್ಡಿ, ಹಿಳ್ಳು (ಬುಡದ ಮರಿ), ಗೆಡ್ಡೆ ಕೊಡುತ್ತಿದ್ದರು. ಅಂಥ ಗಿಡ ನಿಮ್ಮೂರಿನ ಮಳೆಗೆ ಆಗಲೇ ಒಗ್ಗಿರುತ್ತದೆ. ಶಿರಸಿಯಲ್ಲಿ ವನಸ್ತ್ರೀ ಬಳಗದವರು ಮಳೆಗಾಲದ ಹೊತ್ತಿಗೆ ಮಲೆನಾಡು ಮೇಳ ನಡೆಸುತ್ತ ಬಂದಿದ್ದಾರೆ. ಹಿತ್ತಲಿನ ಬೀಜ, ಗೆಡ್ಡೆ, ಹೂವಿನ ಗಿಡ ಎಲ್ಲ ಅಲ್ಲಿ ಹೆಂಗಸರೇ ತಂದು ಮಾರುತ್ತಾರೆ. ಒಮ್ಮೆ ಹೋಗಿ ಬನ್ನಿ.

ದಾಸವಾಳದ ಕಡ್ಡಿ ಪೆನ್ಸಿಲ್ ದಪ್ಪ, ಗೇಣುದ್ದ ಇರಲಿ. ತೀರ ಎಳೆಯದೂ ಬೇಡ, ಬಲಿತದ್ದೂ ಬೇಡ. ಮೇಲಿನ ಎರಡು ಎಲೆ ಅರ್ಧ ಕತ್ತರಿಸಿ ಬಿಟ್ಟು ಉಳಿದದ್ದು ತೆಗೆಯಿರಿ. ಮೊದಲು ಕೊಟ್ಟೆಯಲ್ಲಿ (ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ) ಬೇರು ಬರಿಸಿಕೊಂಡು ಆಗಸ್ಟ್‌ನಲ್ಲಿ ನೆಲಕ್ಕೆ ಇಳಿಸುವುದು ನನಗೆ ಇಷ್ಟ.

ಮಲೆನಾಡಿನ ಮಳೆಗಾಲಕ್ಕೆ ಬಣ್ಣ ಕೊಡುವ ಹೂ ಅಂದರೆ ಡೇರೆ. ಮೆಕ್ಸಿಕೋದ ಹೂ, ಆದರೆ ಇಲ್ಲಿನ ಜಗಲಿಯ ಮುಂದೆ ಅದು ಇಲ್ಲದ ಶ್ರಾವಣ ನೆನೆಸಿಕೊಳ್ಳುವುದಕ್ಕಾಗುವುದಿಲ್ಲ. ಗೆಡ್ಡೆ ಕೊಳ್ಳುವಾಗ, ಕೇಳಿ ತರುವಾಗ ಒಂದು ವಿಷಯ ನೋಡಿ. ಡೇರೆಯ ಗೆಡ್ಡೆ ಗೆಣಸಿನ ಹಾಗೆ ಕಂಡರೂ ಗೆಡ್ಡೆಯ ಮೈಯಲ್ಲಿ ಎಲ್ಲೂ ಕಣ್ಣಿರುವುದಿಲ್ಲ. ಕಣ್ಣಿರುವುದು ಹಳೇ ಕಾಂಡದ ಬುಡದಲ್ಲಿ, ಗೆಡ್ಡೆಯ ಕುತ್ತಿಗೆ ಕಾಂಡಕ್ಕೆ ಸೇರುವ ಕಡೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ, ಸುಮ್ನೆ ಮಣ್ಣಲ್ಲಿ ಕೊಳೆಯುತ್ತದೆ. ಹಾಗಾಗಿ ಗೊಂಚಲು ಬಿಡಿಸುವಾಗ ಹರಿತ ಚಾಕುವಿನಿಂದ ಪ್ರತಿ ಗೆಡ್ಡೆಗೂ ಕಾಂಡದ ಒಂದು ಚೂರು, ಅದರ ಮೇಲೆ ಸಾಸಿವೆ ಗಾತ್ರದ ಒಂದು ಕೆಂಪು ಉಬ್ಬು ಬರುವ ಹಾಗೆ ಸೀಳಬೇಕು. ಉಬ್ಬು ಕಾಣದಿದ್ದರೆ ಅವಸರ ಬೇಡ. ಗೊಂಚಲನ್ನೇ ಒದ್ದೆ ಮರಳಿನ ಮೇಲೆ ನೆರಳಲ್ಲಿ ಒಂದೆರಡು ವಾರ ಇಡಿ, ಕಣ್ಣು ತಾನಾಗಿ ಎದ್ದು ಕಾಣುತ್ತದೆ. ಕತ್ತರಿಸಿದ ಮೈಗೆ ಬೂದಿ ಸವರಿ, ಒಂದು ದಿನ ಒಣಗಲು ಬಿಡಿ.

ನೆಡುವುದು ಏರುಮಡಿಯಲ್ಲಿ, ನಾಲ್ಕೈದು ಬೆರಳು ಆಳಕ್ಕೆ, ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲೆ. ಗಿಡದಿಂದ ಗಿಡಕ್ಕೆ ಎರಡು ಅಡಿ. ಗೂಟವನ್ನು ಗೆಡ್ಡೆ ಇಡುವ ಮುಂಚೆಯೇ ಹುಗಿಯಿರಿ, ಆಮೇಲೆ ಹೊಡೆದರೆ ಗೆಡ್ಡೆಗೇ ಚುಚ್ಚುತ್ತದೆ. ಮೊಳಕೆ ಮೇಲೆ ಬರುವ ತನಕ ನೀರು ಕಡಿಮೆ ಇರಬೇಕು, ಮಳೆ ಬೇಗ ಬಂದರೆ ಮಡಿಯ ಮೇಲೆ ಸೋಗೆ ಮುಚ್ಚಿ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಚಿವುಟಿದ ಕುಡಿಯನ್ನು ಎಸೆಯಬೇಡಿ, ಮರಳು ಮಣ್ಣಿನ ಕೊಟ್ಟೆಯಲ್ಲಿ ಊರಿದರೆ ಜೂನ್ ತಂಪಿಗೆ ಅದಕ್ಕೂ ಬೇರು ಬರುತ್ತದೆ. ದೊಡ್ಡ ಹೂ ಬೇಕಾದರೆ ಪ್ರತಿ ಟೊಂಗೆಯ ತುದಿಯಲ್ಲಿ ಬರುವ ಮೂರು ಮೊಗ್ಗಿನಲ್ಲಿ ನಡುವಿನದು ಬಿಟ್ಟು ಪಕ್ಕದ ಎರಡನ್ನು ಕಡಲೆ ಗಾತ್ರ ಇರುವಾಗಲೇ ತೆಗೆಯಿರಿ. ಮಳೆ ತೀರ ಜಾಸ್ತಿ ಇರುವ ಕಡೆಯವರು ಸಿಮೆಂಟ್ ಚೀಲದಲ್ಲಿ ನೆಟ್ಟು ಸೂರಿನಡಿ ಇಡುತ್ತಾರೆ, ಅದು ಒಳ್ಳೆಯ ಉಪಾಯ. ಚೀಲದ ತಳಕ್ಕೆ ತೂತು, ತೂತಿನ ಮೇಲೆ ಹಂಚಿನ ಚೂರು.

ದೀಪಾವಳಿ ಕಳೆದು ಗಿಡ ಒಣಗಿದ ಮೇಲೆ ಗೇಣುದ್ದ ಕಾಂಡ ಬಿಟ್ಟು ಕತ್ತರಿಸಿ, ಗೊಂಚಲು ಎಬ್ಬಿಸಿ, ಒಣ ಮರಳಲ್ಲಿ ಹುಗಿದು ಅಟ್ಟದ ಮೇಲಿಡಿ. ಬಣ್ಣದ ಹೆಸರು ಬರೆದ ಚೀಟಿ ಕಾಂಡಕ್ಕೇ ಕಟ್ಟಿರಬೇಕು.

ಸೇವಂತಿಗೆಯ ಮರಿಗಳನ್ನೂ ಜೂನ್ ಒಳಗೆ ಬೇರೆ ಮಾಡಿ ಚೀಲಕ್ಕೆ ಹಾಕಿ. ಆಗಸ್ಟ್ ಕೊನೆವರೆಗೆ ಆಗಾಗ ಕುಡಿ ಚಿವುಟುತ್ತಿರಿ. ಇದು ಹಗಲು ಗಿಡ್ಡ ಆಗುತ್ತ ರಾತ್ರಿ ಉದ್ದ ಆದಾಗ ಮೊಗ್ಗು ಕಟ್ಟುವ ಗಿಡ. ಜಗಲಿಯ ಬಲ್ಬು ರಾತ್ರಿಯಿಡೀ ಉರಿಯುವ ಕಡೆ ಇಟ್ಟರೆ ಎಲೆ ಸೊಂಪಾಗಿ ಬಂದು ಹೂ ಬರುವುದು ತಡವಾಗುತ್ತದೆ. ಸೆಪ್ಟೆಂಬರ್‌ನಿಂದ ಕತ್ತಲು ಬೀಳುವ ಕಡೆ ಇಡಿ. ಗೊಂಡೆ, ಕರ್ಣಕುಂಡಲ, ಜೀನಿಯಾ ಬೀಜದಿಂದಲೇ ಸುಲಭ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ದೀಪಾವಳಿಗೆ ಗೊಂಡೆ ಬೇಕೆಂದರೆ ಬೀಜ ಆಗಸ್ಟ್ ಮೊದಲಿಗೆ ಬೀಳಲಿ.

ಬಚ್ಚಲ ಹಿಂದೆ

ಹೂವಿನ ಜೊತೆ ಅಡುಗೆಮನೆಗೆ ಬೇಕಾದ್ದೂ ಇರಬೇಕು, ನಮ್ಮ ಹಿತ್ತಲು ಯಾವತ್ತೂ ಹಾಗೇ ಇತ್ತು. ಬಚ್ಚಲ ನೀರು ಹೋಗುವ ಕಡೆ ಕೆಸು, ಬಾಳೆ, ಒಂದೆಲಗ. ಶಾಂಪೂ, ಬ್ಲೀಚಿಂಗ್ ಪುಡಿ ಜಾಸ್ತಿ ಬಳಸುವ ಮನೆಯಾದರೆ ಆ ನೀರನ್ನು ಬಾಳೆಗೆ ಮಾತ್ರ ಬಿಡಿ. ಅರಿಶಿನ, ಅಂಬೆಕೊಂಬು (ಮಾವಿನ ಶುಂಠಿ) ಮೇ ಕೊನೆಯಲ್ಲಿ ಏರುಮಡಿಗೆ. ನಾಗರಪಂಚಮಿ, ಚೌತಿಯ ಕಡುಬಿಗೆ ಎಲೆ ಸಿಗುತ್ತದೆ, ಗೆಡ್ಡೆ ಕೀಳುವುದು ಎಲೆ ಒಣಗಿದ ಮೇಲೆ.

ಬಸಳೆ ಮಳೆ ಕಡಿಮೆಯಾದ ಮೇಲೆ ಹಾಕಿ. ಜೋರು ಮಳೆಯಲ್ಲಿ ಎಲೆಗೆ ಕೆಂಪು ಚುಕ್ಕೆ ಬೀಳುತ್ತದೆ. ಹೊಂಡಕ್ಕೆ ಸುಡುಮಣ್ಣು ಮತ್ತು ಹಳೇ ಗೊಬ್ಬರ ತುಂಬಿ, ಎರಡು ಮೂರು ಗೆಣ್ಣಿನ ದಪ್ಪ ಬಳ್ಳಿ ಊರಿ, ಅಡಿಕೆ ದಬ್ಬೆಯ ಚಪ್ಪರ ಎದೆಮಟ್ಟಕ್ಕೆ ಕಟ್ಟಿ. ಎತ್ತರ ಕಟ್ಟಿದರೆ ಕೊಯ್ಯುವುದಕ್ಕೆ ಕಷ್ಟ. ಹರಿವೆ, ಅಲಸಂದೆ, ಬದನೆ, ಮೊಗೆಕಾಯಿ ಎಲ್ಲ ಚಳಿಗಾಲಕ್ಕೆ ಗದ್ದೆಯ ಬದಿಯಲ್ಲಾದರೂ ಬರುತ್ತದೆ.

ಜೀವಾಮೃತ ಮನೆಮಟ್ಟಕ್ಕೆ 20 ಲೀಟರ್ ಸಾಕು: ಒಂದು ಕೆಜಿ ನಾಟಿ ದನದ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಹಿಟ್ಟು, ಬೇಲಿ ಬುಡದ ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು ಬೆಳಿಗ್ಗೆ ಸಂಜೆ ಕಲಕಿ, ವಾರದೊಳಗೆ ತೇವ ಇರುವ ಬುಡಕ್ಕೆ ಹಾಕಿ.

ಕೊಳೆ, ಹುಳ, ಮಂಗ

ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಅಡಿಕೆ ಮನೆಯವರಿಗೆ ಹೊಸದಲ್ಲ. ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೆ ಮಳೆಗಾಲದ ಮುಂಚೆ ಒಮ್ಮೆ, ನಡುವೆ ಬಿಸಿಲು ಕಂಡಾಗ ಒಮ್ಮೆ ಕೊಡಿ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಐದೈದು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಿರಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ. ಕತ್ತಿಯ ತುದಿ ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಇನ್ನೂ ಬೇಕು. ಅವತ್ತೇ ಮುಗಿಸಬೇಕು. ಸೊಪ್ಪಿನ ಮಡಿಗೆ ಹೊಡೆಯಬಾರದು.

ಆಫ್ರಿಕನ್ ಬಸವನಹುಳು ಬಂದ ಊರುಗಳಲ್ಲಿ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಮುಖ್ಯ ಉಪಾಯ. ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಸೇರಿರುತ್ತವೆ. ಕೈಗವಸು ಹಾಕಿ ಹೆಕ್ಕಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಡಿಯ ಮೇಲೆ ಎರಚಬೇಡಿ, ಗಿಡವೂ ಸಾಯುತ್ತದೆ. ದಾಸವಾಳದ ಬಿಳಿ ಹಿಟ್ಟುತಿಗಣೆಗೆ ಮೊದಲು ಜೋರಾಗಿ ನೀರು ಹೊಡೆದು, ಆಮೇಲೆ ಲೀಟರಿಗೆ ಐದು ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಸಿಂಪಡಿಸಿ. ಇರುವೆ ಓಡಾಡುತ್ತಿದ್ದರೆ ಅವೇ ತಿಗಣೆಯನ್ನು ಕಾಯುತ್ತಿರುತ್ತವೆ, ಇರುವೆ ದಾರಿ ಮೊದಲು ತಪ್ಪಿಸಿ.

ಮಂಗಕ್ಕೆ ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. ಹಣ್ಣು, ತರಕಾರಿಯನ್ನು ಮನೆಗೆ ಹತ್ತಿರ ಇಟ್ಟು, ದೂರದ ಮಡಿಗೆ ಅದು ಮುಟ್ಟದ ಅರಿಶಿನ, ಸೂಜಿಮೆಣಸು, ಗೊರಟೆ ಹಾಕಿದರೆ ನಷ್ಟ ಕಡಿಮೆ.

ಮೂರನೇ ವರ್ಷ: ಬಿಡಿಸುವುದು, ತೆಗೆಯುವುದು, ಬೀಜ ಇಡುವುದು

ಈಗ ಗಿಡಗಳು ಒತ್ತೊತ್ತಾಗಿರುತ್ತವೆ. ಸುಗಂಧಿಯ ಬುಡ ಹೂ ಮುಗಿದ ಮೇಲೆ ಅಥವಾ ಮೇನಲ್ಲಿ ಎಬ್ಬಿಸಿ, ಎರಡು ಮೂರು ಮೊಳಕೆ ಇರುವ ತುಂಡುಗಳಾಗಿ ಬೇರೆ ಮಾಡಿ. ಲಿಲ್ಲಿ ಗೊಂಚಲು ಹೂ ಕಡಿಮೆ ಬಿಡುತ್ತಿದೆ ಅಂದರೆ ಅದಕ್ಕೂ ಬಿಡಿಸುವ ಕಾಲ ಬಂದಿದೆ. ಎರಡು ವರ್ಷ ಕೊಟ್ಟರೂ ಸೊರಗಿಯೇ ಇರುವ ಗಿಡದ ಜಾಗ ಬದಲಿಸಿ, ಅಲ್ಲೇ ಗೊಬ್ಬರ ಸುರಿಯುತ್ತ ಕೂರಬೇಡಿ. ಗುಲಾಬಿಯನ್ನು ನಾನು ಜೋರು ಮಳೆಯ ಊರುಗಳಲ್ಲಿ ನೆಲಕ್ಕೆ ನೆಡುವುದಕ್ಕೆ ಹೇಳುವುದಿಲ್ಲ. ಎಲೆಯೆಲ್ಲ ಕಪ್ಪು ಚುಕ್ಕೆಯಾಗಿ ಉದುರುತ್ತದೆ, ಮದ್ದು ಹೊಡೆಯುವುದೇ ಕೆಲಸವಾಗುತ್ತದೆ. ಆಸೆ ಇದ್ದರೆ ಸೂರಿನಡಿ ಕುಂಡದಲ್ಲಿ.

ಬೀಜಕ್ಕೆ ಬೆಂಡೆ, ಅಲಸಂದೆ, ಹರಿವೆಯ ಎಲ್ಲಕ್ಕಿಂತ ಚೆನ್ನಾಗಿರುವ ಗಿಡವನ್ನು ಮೊದಲೇ ಗುರುತಿಸಿ ದಾರ ಕಟ್ಟಿ, ಅದರಿಂದ ಒಂದೂ ಕೊಯ್ಯಬೇಡಿ. ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಮಾಡಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಒಡೆದಾಗ ಬೀಜವನ್ನು ಬೂದಿಯಲ್ಲಿ ಕಲಸಿ ನೆರಳಲ್ಲಿ ಒಣಗಿಸಿ ಇಡಿ. ಡೇರೆಯ ಬೀಜದಿಂದ ತಾಯಿಯ ಬಣ್ಣ ಬರುವುದಿಲ್ಲ, ಅದಕ್ಕೆ ಗೆಡ್ಡೆ ಅಥವಾ ಕುಡಿಯೇ ಆಗಬೇಕು.

ಮೂರನೇ ವರ್ಷದ ಹೊತ್ತಿಗೆ ಗೆಡ್ಡೆ, ಮರಿ ಎಲ್ಲ ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ ಆಗಿರುತ್ತದೆ. ಕಡ್ಡಿ ಕೊಟ್ಟವರ ಮನೆಗೆ ಮೊದಲು ತಗೊಂಡು ಹೋಗಿ, ಅವರಲ್ಲಿ ಇಲ್ಲದ ಬಣ್ಣ ಯಾವುದು ಅಂತ ಕೇಳಿ ಕೊಡಿ. ಏಪ್ರಿಲ್‌ನಲ್ಲೇ ಕೊಡಬೇಕು, ಕಣ್ಣು ಎದ್ದ ಮೇಲೆ ಸಾಗಿಸಿದರೆ ಮುರಿಯುತ್ತದೆ. ಚೀಟಿ ಕಟ್ಟುವುದು ಮರೆಯಬೇಡಿ, ಇಲ್ಲದಿದ್ದರೆ ಯಾವ ಬಣ್ಣ ಅಂತ ತಿಳಿಯುವುದಕ್ಕೆ ಅವರು ಶ್ರಾವಣದ ತನಕ ಕಾಯಬೇಕಾಗುತ್ತದೆ.